ಊರಿಗೆಲ್ಲ ಗೊತ್ತಿರುವ ನಮ್ಮ ಗುರುತು ಬೂತಿಗೆ ಯಾಕೆ ಗೊತ್ತಿಲ್ಲ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ನಮ್ಮನ್ನು ಗುರುತಿಸಲು ಈ ಜಿಲ್ಲೆಯಲ್ಲಿ ಯಾರಿಗೂ ಯಾವತ್ತೂ ಕಾರ್ಡು ಬೇಕಾಗಿಲ್ಲ. ಚಾದಂಗಡಿಯವನಿಗೆ ಗೊತ್ತು. ಕ್ಷೌರದಂಗಡಿಯವನಿಗೆ ಗೊತ್ತು. ಗುಡಿ ಕಟ್ಟೆಯ ಮೇಲೆ ಕೂತವರಿಗೆ ಗೊತ್ತು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಕೂಸೊಂದು ಮಳೆ ಬಂತೆಂದು ಗುಡಿಯೊಳಗೆ ಓಡಿತು. ಆ ಕೂಸಿನ ಫೋಟೋ ಯಾರೂ ಕೇಳಲಿಲ್ಲ. ಯಾವ ಕೇರಿಯ ಕೂಸೆಂದು ತಕ್ಷಣ ಗುರುತು ಹತ್ತಿತು. ಗುಡಿ ಶುದ್ಧಿಗೆಂದು ಅದರ ಅಪ್ಪನಿಗೆ 25 ಸಾವಿರ ದಂಡ ಕಟ್ಟು ಎಂದರು. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟವರು ಯಾವ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಬಂದಿರಲಿಲ್ಲ. ಯಾರ ಗುಡಿಸಲು ಎಲ್ಲಿದೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ಆ ಪ್ರಕರಣದಲ್ಲಿ 98 ಜನರಿಗೆ ಕೊಪ್ಪಳದ ನ್ಯಾಯಾಲಯ ಜೀವಾವಧಿ ಶಿಕ್ಷೆ ಹೇಳಲು 2024ರ ಅಕ್ಟೋಬರ್ 24 ಬರಬೇಕಾಯಿತು. ಅದೇ 2024ರ ಆಗಸ್ಟಿನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದ ಮಾತಿಗೆ ಜಗಳವಾಗಿ ದಲಿತ ಯುವಕನ ಹೆಣ ಬಿತ್ತು. ಅಲ್ಲಿಯೂ ಗುರುತು ಹಿಡಿಯಲು ಯಾರಿಗೂ ಕಷ್ಟವಾಗಲಿಲ್ಲ.

ನಮ್ಮನ್ನು ಇಷ್ಟು ಚೆನ್ನಾಗಿ ಬಲ್ಲ ಊರು, ಓಟಿನ ದಿನ ಬಂತೆಂದರೆ ಒಮ್ಮೆಗೇ ನಮ್ಮನ್ನು ಮರೆತುಬಿಡುತ್ತದೆ.

"ಏ ಮುದುಕಿ, ಕಾರ್ಡ್ ಎಲ್ಲೈತಿ? ಇಲ್ಲಂದ್ರ ಆ ಕಡೆ ನಿಲ್ಲು."

ನಲವತ್ತು ವರ್ಷ ಇದೇ ಊರಿನ ಹೊಲದಲ್ಲಿ ಕಳೆ ಕಿತ್ತ ಮುದುಕಿ. ಬೂತಿನಲ್ಲಿ ಏಜೆಂಟನಾಗಿ ಕೂತ ಗೌಡರ ಮಗನನ್ನು ಕೂಸಿದ್ದಾಗ ಎತ್ತಿ ಆಡಿಸಿದವಳು. ಅವಳು ಯಾರೆಂದು ಅವನಿಗೆ ಗೊತ್ತಿಲ್ಲವಂತೆ! ಕಾಗದ ಹೇಳಬೇಕಂತೆ!

ಈ ಮಾತನ್ನು ಇವತ್ತು ಬಿಚ್ಚಿ ನೋಡೋಣ. ಗುರುತಿನ ಚೀಟಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಗುರುತು ಸಾಬೀತು ಮಾಡುವ ಭಾರ ಯಾರ ಹೆಗಲ ಮೇಲಿರಬೇಕು? ಓಟು ಹಾಕಲು ಬಂದವನ ಹೆಗಲ ಮೇಲೋ, ಅನುಮಾನ ಪಡುವವನ ಹೆಗಲ ಮೇಲೋ?

ಓಟು ಯಾರ ಭಿಕ್ಷೆಯೂ ಅಲ್ಲ

ಹಿಂದೆ ಈ ದೇಶದಲ್ಲಿ ಓಟು ಆಸ್ತಿಯಿದ್ದವನದಾಗಿತ್ತು. ಭೂಮಿ ಇದ್ದವನಿಗೆ, ತೆರಿಗೆ ಕಟ್ಟುವವನಿಗೆ, ಓದಿದವನಿಗೆ ಓಟು. ಭೂಮಿ ಮುಟ್ಟಬಾರದು, ಶಾಲೆ ಮೆಟ್ಟಿಲು ಹತ್ತಬಾರದು ಎಂದು ಹೊರಗಿಟ್ಟವರ ಮುಂದೆ ಭೂಮಿಯ ಕಾಗದ ತೋರಿಸು, ಓದಿದ ಸರ್ಟಿಫಿಕೇಟು ತೋರಿಸು ಎನ್ನುವುದು ಎಂಥ ನ್ಯಾಯ? ಈ ಅನ್ಯಾಯವನ್ನು ಬಾಬಾಸಾಹೇಬರು 1919ರಲ್ಲೇ ಸೌತ್‌ಬರೋ ಕಮಿಟಿಯ ಮುಂದೆ ಬಿಚ್ಚಿಟ್ಟರು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಸಿಗೆ ಬಂದ ಎಲ್ಲರಿಗೂ ಓಟು ಕೊಡಿ ಎಂದರು. ಸಂವಿಧಾನದ 326ನೇ ವಿಧಿಯಲ್ಲಿ ಆ ಮಾತು ಕಾನೂನಾಯಿತು. ಮೊದಲು 21 ವರ್ಷ, 1989ರಿಂದ 18 ವರ್ಷ. ಅದರಲ್ಲಿ ಆಸ್ತಿಯ ಮಾತಿಲ್ಲ. ಅಕ್ಷರದ ಮಾತಿಲ್ಲ. ಕಾರ್ಡಿನ ಮಾತೂ ಇಲ್ಲ.

ನಮ್ಮ ಕಡೆಗೆ ಬನ್ನಿ. ಕೊಪ್ಪಳ ಸಾಲಾರ್ ಜಂಗನ ಜಹಗೀರಾಗಿತ್ತು. ನಿಜಾಮನ ರಾಜ್ಯ 1948ರ ಸೆಪ್ಟೆಂಬರಿನಲ್ಲಿ ಬಿತ್ತು. ನಾಲ್ಕು ವರ್ಷ ಕಳೆಯುವುದರೊಳಗೆ ಮೊದಲನೇ ಸಾರ್ವತ್ರಿಕ ಚುನಾವಣೆ ಬಂತು. ಆಗ ಹೈದರಾಬಾದ್ ರಾಜ್ಯದಲ್ಲಿ ಕುಷ್ಟಗಿಯ ಹೆಸರಿನಲ್ಲೇ ಒಂದು ಲೋಕಸಭಾ ಕ್ಷೇತ್ರವಿತ್ತು. ನಿನ್ನೆಯವರೆಗೆ ಜಹಗೀರದಾರನ ಬಿಟ್ಟಿ ಚಾಕರಿ ಮಾಡಿದವನೂ ಜಹಗೀರದಾರನೂ ಒಂದೇ ಸಾಲಿನಲ್ಲಿ ನಿಂತು ಒಂದೊಂದೇ ಓಟು ಹಾಕಬಹುದಾಯಿತು. ಫೋಟೋ ಇರುವ ಕಾರ್ಡು ಯಾರ ಹತ್ತಿರವೂ ಇರಲಿಲ್ಲ. ಹೆಸರು ಕರೆದರು, ಓಟು ಹಾಕಿಸಿದರು. 1962ರಿಂದ ನಮ್ಮದೇ ಮೈಸೂರಿನಲ್ಲಿ ತಯಾರಾದ ಅಳಿಸದ ಶಾಯಿ ಬಂತು. ಆ ಶಾಯಿ ನೋಡಿ, ಅದಕ್ಕೆ ಜಾತಿ ಗೊತ್ತಿಲ್ಲ. ಗೌಡನ ಬೆರಳಿಗೂ ಅಂಟುತ್ತದೆ, ಮಾದಿಗರ ಮುದುಕಿಯ ಬೆರಳಿಗೂ ಅಂಟುತ್ತದೆ. ಒಬ್ಬ ಎರಡು ಸಲ ಓಟು ಹಾಕದಂತೆ ಕಾಯುವ ಕೆಲಸವನ್ನು ಒಂದು ಹನಿ ಶಾಯಿ ಯಾರಿಗೂ ಅವಮಾನ ಮಾಡದೆ ಮಾಡಿತು.

ಇನ್ನೊಂದು ನಿಯಮವಿತ್ತು, ಈಗಲೂ ಇದೆ. 1961ರ ಚುನಾವಣಾ ನಡವಳಿ ನಿಯಮಗಳ ಪ್ರಕಾರ, "ಇವನು ಅವನಲ್ಲ" ಎಂದು ಒಬ್ಬ ಏಜೆಂಟ್ ಆಕ್ಷೇಪ ಎತ್ತಬೇಕಾದರೆ ಎರಡು ರೂಪಾಯಿ ಠೇವಣಿ ಇಡಬೇಕು. ಆಮೇಲೆ ತನ್ನ ಅನುಮಾನಕ್ಕೆ ಸಾಕ್ಷಿ ತೋರಿಸಬೇಕು. ತೋರಿಸದಿದ್ದರೆ ಆಕ್ಷೇಪ ಬಿದ್ದುಹೋಗುತ್ತದೆ, ಓಟು ನಡೆಯುತ್ತದೆ. ಇದಕ್ಕೆ ಚಾಲೆಂಜ್ ಓಟು ಅನ್ನುತ್ತಾರೆ. ಈ ನಿಯಮದ ತಿರುಳು ನೋಡಿ. ಅನುಮಾನ ಪಟ್ಟವನೇ ಸಾಬೀತು ಮಾಡಬೇಕು. ಬಡವನ ಮಾತನ್ನು ಮೊದಲು ನಂಬು, ಆಮೇಲೆ ಪ್ರಶ್ನಿಸು. ಇಂಥ ಮರ್ಯಾದೆಯ ನಿಯಮ ಬರೆದಿಟ್ಟ ದೇಶದಲ್ಲೇ ಇವತ್ತು ಬೂತಿನ ಬಾಗಿಲಿಗೆ ಬಂದವರನ್ನೆಲ್ಲ ಮೊದಲು ಅನುಮಾನಿಸುವುದು ಪದ್ಧತಿಯಾಗಿದೆ.

ಕಾರ್ಡು ಬಂದದ್ದು ಯಾಕೆ?

ನ್ಯಾಯದ ಮಾತು ಆಡಬೇಕು. ಕಾರ್ಡು ಬಂದಾಗ ಅದು ನಮ್ಮ ವಿರುದ್ಧ ಬಂದಿರಲಿಲ್ಲ. 1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಫೋಟೋ ಗುರುತಿನ ಚೀಟಿಯ ಆದೇಶ ಬಂತು. ಅದಕ್ಕೆ ಮೊದಲು ಹಳ್ಳಿಯ ಬೂತಿನಲ್ಲಿ ಏನಾಗುತ್ತಿತ್ತೆಂದು ನಿಮ್ಮ ಅಜ್ಜಂದಿರನ್ನು ಕೇಳಿ. ಮಧ್ಯಾಹ್ನ ಹೊಲದಿಂದ ಬಂದು ಸಾಲಿನಲ್ಲಿ ನಿಂತರೆ, "ನಿನ್ನ ಓಟು ಆಗೇತಿ, ಮನಿಗೆ ಹೋಗು" ಎನ್ನುವ ಮಾತು. ಕೇರಿಯ ಓಟನ್ನೆಲ್ಲ ಬೆಳಿಗ್ಗೆ ಹತ್ತು ಗಂಟೆಯೊಳಗೆ ಯಾರೋ ಗುದ್ದಿ ಮುಗಿಸಿರುತ್ತಿದ್ದರು. ಆ ಕಳ್ಳತನಕ್ಕೆ ಫೋಟೋ ಒಂದು ಬೀಗ. ನನ್ನ ಮುಖ ಇರುವ ಕಡೆ ಇನ್ನೊಬ್ಬನ ಕೈ ಬರಬಾರದು. ಆ ಅರ್ಥದಲ್ಲಿ ಕಾರ್ಡು ನಮ್ಮದೇ ಆಯುಧ.

ಆದರೆ ಬೀಗ ಹಾಕಿದ್ದು ಕಳ್ಳನಿಗೋ, ಮನೆಯವನಿಗೋ? ಬೀಗದ ಕೈ ಯಾರ ಸೊಂಟದಲ್ಲಿದೆ? ಇಷ್ಟು ವರ್ಷಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಕಳ್ಳನನ್ನು ತಡೆಯಬೇಕಾದ ಕಾರ್ಡು ಮನೆಯವನನ್ನೇ ಅಂಗಳದಲ್ಲಿ ನಿಲ್ಲಿಸಿದೆ.

ಹನ್ನೆರಡು ಕಾಗದದ ಪುರಾಣ

ಚುನಾವಣಾ ಆಯೋಗ ಹೇಳುತ್ತದೆ: ಓಟರ್ ಕಾರ್ಡು ಇಲ್ಲದಿದ್ದರೂ ಚಿಂತೆ ಇಲ್ಲ, ಇನ್ನೂ 12 ಬಗೆಯ ದಾಖಲೆ ಇವೆ, ಯಾವುದಾದರೂ ಒಂದು ತೋರಿಸಿ. ಕೇಳಲು ಎಷ್ಟು ಉದಾರ! 2024ರ ಮೇ 7ರಂದು ಕೊಪ್ಪಳ ಲೋಕಸಭಾ ಕ್ಷೇತ್ರದ ಮತದಾನ ನಡೆದಾಗಲೂ ಇದೇ ಪಟ್ಟಿ. ಒಂದೊಂದಾಗಿ ಓದೋಣ, ಕೇರಿಯ ಮನೆಯ ಟ್ರಂಕು ತೆರೆದಿಟ್ಟುಕೊಂಡು ಓದೋಣ.

ಪಾಸ್‌ಪೋರ್ಟು. ನಮ್ಮ ಕೇರಿಯಲ್ಲಿ ಎಷ್ಟು ಜನ ವಿಮಾನ ಹತ್ತಿದ್ದಾರೆ? ಪ್ಯಾನ್ ಕಾರ್ಡು. ವರಮಾನ ತೆರಿಗೆ ಕಟ್ಟುವಷ್ಟು ಕೂಲಿ ಯಾವ ಗದ್ದೆಯಲ್ಲಿ ಕೊಡುತ್ತಾರೆ? ಡ್ರೈವಿಂಗ್ ಲೈಸೆನ್ಸು. ಟ್ರ್ಯಾಕ್ಟರ್ ಓಡಿಸುವ ಹುಡುಗನಿಗೆ ಇದ್ದೀತು, ಅವನ ಅವ್ವನಿಗಿಲ್ಲ. ಸರ್ಕಾರಿ ನೌಕರರ, ಸರ್ಕಾರಿ ಉದ್ದಿಮೆ ಮತ್ತು ಪಬ್ಲಿಕ್ ಕಂಪನಿ ನೌಕರರ ಸೇವಾ ಗುರುತಿನ ಚೀಟಿ. ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರ ಗುರುತಿನ ಚೀಟಿ. ಇದೂ ಪಟ್ಟಿಯಲ್ಲಿದೆ ಗೆಳೆಯರೇ! ಶಾಸಕನನ್ನು ಬೂತಿನಲ್ಲಿ ಯಾರಾದರೂ "ನೀನ್ಯಾರಪ್ಪಾ" ಎಂದು ಕೇಳಿದ್ದುಂಟೇ? ಆದರೂ ಅವನಿಗೊಂದು ಹೆಚ್ಚಿನ ಅನುಕೂಲ. ಜನಸಂಖ್ಯಾ ನೋಂದಣಿಯ ಸ್ಮಾರ್ಟ್ ಕಾರ್ಡು. ಇದನ್ನು ಕಣ್ಣಿನಿಂದ ಕಂಡವರು ನಿಮ್ಮ ಹಾಸ್ಟೆಲಿನಲ್ಲಿದ್ದರೆ ಕೈ ಎತ್ತಿ. ಕಾರ್ಮಿಕ ಇಲಾಖೆಯ ಯೋಜನೆಯ ಆರೋಗ್ಯ ವಿಮೆ ಕಾರ್ಡು. ಫೋಟೋ ಇರುವ ಪಿಂಚಣಿ ಕಾಗದ. ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡು. ಫೋಟೋ ಇರುವ ಬ್ಯಾಂಕು, ಪೋಸ್ಟಾಫೀಸು ಪಾಸ್‌ಬುಕ್ಕು. ಫೋಟೋ ಇಲ್ಲದ ಪಾಸ್‌ಬುಕ್ಕು ನಡೆಯುವುದಿಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು. ಕೊನೆಗೆ ಆಧಾರ್.

ಜರಡಿ ಹಿಡಿದರೆ ಕೇರಿಯ ಕೂಲಿ ಹೆಣ್ಣುಮಗಳಿಗೆ ಉಳಿಯುವುದು ಆಧಾರ್, ಜಾಬ್ ಕಾರ್ಡ್, ಪಾಸ್‌ಬುಕ್ಕು. ಹನ್ನೆರಡರಲ್ಲಿ ಮೂರು. ಮನೆ ಮನೆಯಲ್ಲೂ ಇರುವ ರೇಷನ್ ಕಾರ್ಡು ಪಟ್ಟಿಯಲ್ಲಿಲ್ಲ. ಅಕ್ಕಿ ಕೊಡಲು ಗುರುತಾಗುವ ಮನೆ, ಓಟು ಕೊಡಲು ಗುರುತಾಗುವುದಿಲ್ಲ.

ಇನ್ನು ನಿಮ್ಮ ವಿಷಯ. 2009ರ ಲೋಕಸಭಾ ಚುನಾವಣೆಯಲ್ಲಿ ಆಯೋಗದ ಪಟ್ಟಿಯಲ್ಲಿ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಫೋಟೋ ಇರುವ ವಿದ್ಯಾರ್ಥಿ ಗುರುತಿನ ಚೀಟಿ ಇತ್ತು. ಫೋಟೋ ಇರುವ ಎಸ್ಸಿ, ಎಸ್ಟಿ, ಒಬಿಸಿ ಪ್ರಮಾಣಪತ್ರವೂ ಇತ್ತು. ಫೋಟೋ ಇರುವ ಜಮೀನಿನ ಪಟ್ಟಾ ಕೂಡ ನಡೆಯುತ್ತಿತ್ತು. 2024ರ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ. ನಿಮ್ಮ ಕಾಲೇಜಿನ ಕಾರ್ಡು ಲೈಬ್ರರಿಗೆ ಸಾಕು, ಪರೀಕ್ಷೆ ಹಾಲಿಗೆ ಸಾಕು, ಬಸ್ ಪಾಸಿಗೆ ಸಾಕು. ಬೂತಿಗೆ ಸಾಲದು. ಯಾಕ್ರೀ? "ವಿದ್ಯಾರ್ಥಿಗಳ ಕಾರ್ಡನ್ನು ಯಾವ ಅಂಗಡಿಯಲ್ಲಾದರೂ ಮಾಡಿಸಬಹುದು" ಎನ್ನುವವರಿದ್ದಾರೆ. ಹಾಗಾದರೆ ಆ ಕಾಲೇಜಿಗೆ ಮಾನ್ಯತೆ ಕೊಟ್ಟ ಸರ್ಕಾರದ ಮುದ್ರೆಗೆ ಬೆಲೆ ಇಲ್ಲವೇ? ಕಂಪನಿ ನೌಕರನ ಕಾರ್ಡಿಗೆ ಇರುವ ನಂಬಿಕೆ ಸರ್ಕಾರಿ ಪದವಿ ಕಾಲೇಜಿನ ವಿದ್ಯಾರ್ಥಿಯ ಕಾರ್ಡಿಗೆ ಯಾಕಿಲ್ಲ?

ಇನ್ನೊಂದು ಬಾಗಿಲು ಮುಚ್ಚಿದ್ದು 2019ರಲ್ಲಿ. ಅಲ್ಲಿಯವರೆಗೆ ಬಿಎಲ್‌ಓ ಮನೆಗೆ ತಂದುಕೊಡುತ್ತಿದ್ದ ಫೋಟೋ ಓಟರ್ ಸ್ಲಿಪ್ ಒಂದೇ ಸಾಕಾಗಿತ್ತು. 2019ರ ಫೆಬ್ರವರಿಯಲ್ಲಿ ಆಯೋಗ ಅದನ್ನು ನಿಲ್ಲಿಸಿತು. ಸ್ಲಿಪ್ಪಿನಲ್ಲಿ ಭದ್ರತೆಯ ಗುರುತುಗಳಿಲ್ಲ, ದುರುಪಯೋಗವಾಗುತ್ತದೆ ಎಂಬುದು ಕಾರಣ. ಹೇಗಿದ್ದರೂ ನೂರಕ್ಕೆ 99ಕ್ಕಿಂತ ಹೆಚ್ಚು ಮತದಾರರಿಗೆ ಓಟರ್ ಕಾರ್ಡು ಸಿಕ್ಕಿದೆ ಎಂಬುದು ಸಮಾಧಾನ. ಮುಂದೆ ಸ್ಲಿಪ್ಪಿನಿಂದ ಫೋಟೋವನ್ನೇ ತೆಗೆದರು.

ನೂರಕ್ಕೆ 99. ಸರಿ ಸ್ವಾಮಿ, ಒಪ್ಪಿದೆವು. ಉಳಿದ ಆ ಒಬ್ಬ ಯಾರು? ಬೆಂಗಳೂರಿನ ಬಂಗಲೆಯವನೇ? ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕನೇ? ನೂರರಲ್ಲಿ ಲೆಕ್ಕಕ್ಕೆ ಸಿಗದ ಆ ಒಬ್ಬ ಎಲ್ಲಿ ಇರುತ್ತಾನೆಂದು ಹೇಳಲು ಅಂಕಿ ಅಂಶ ಬೇಕಾಗಿಲ್ಲ. ಇನ್ನೊಂದು ಮಾತು. ಕಾರ್ಡು ಕೊಟ್ಟದ್ದು ಒಂದು, ಓಟಿನ ದಿನ ಅದು ಕೈಯಲ್ಲಿರುವುದು ಇನ್ನೊಂದು.

ಗುಳೆಯ ಕಾಲ, ಓಟಿನ ಕಾಲ

2018ರ ಮೇ 12, 2019ರ ಏಪ್ರಿಲ್ 23, 2023ರ ಮೇ 10, 2024ರ ಮೇ 7. ನಮ್ಮ ಜಿಲ್ಲೆಯ ನಾಲ್ಕು ದೊಡ್ಡ ಚುನಾವಣೆಗಳ ದಿನಾಂಕ ಇವು. ಈ ದಿನಾಂಕಗಳನ್ನು ಕುಷ್ಟಗಿ, ಯಲಬುರ್ಗಾದ ಮಸಾರಿ ನೆಲದ ಮೇಲೆ ಇಟ್ಟು ನೋಡಿ. ಬಿಸಿಲು ಕಾದ ಕಾಲ. ಹೊಲದಲ್ಲಿ ಕೆಲಸವಿಲ್ಲದ ಕಾಲ. ಕೇರಿಗೆ ಕೇರಿಯೇ ಗುಳೆ ಹೋದ ಕಾಲ. ಬೆಂಗಳೂರಿನ ಕಟ್ಟಡದಲ್ಲಿ, ಮಂಗಳೂರಿನ ರಸ್ತೆಯಲ್ಲಿ, ಗೋವಾದ ಸೈಟಿನಲ್ಲಿ ತಗಡಿನ ಶೆಡ್ಡು ಕಟ್ಟಿಕೊಂಡ ಕಾಲ. ಮನೆಯಲ್ಲಿ ಉಳಿದವರು ಮುದುಕರು, ಮಕ್ಕಳು.

ಅವರ ಕಾರ್ಡುಗಳು ಎಲ್ಲಿವೆ? ಒಂದು ಟ್ರಂಕಿನಲ್ಲಿ. ಒಂದು ಮುಂಗಡ ಕೊಟ್ಟ ಮೇಸ್ತ್ರಿಯ ಹತ್ತಿರ. ಒಂದು ಸಂಘದ ಸಾಲಕ್ಕೆ ಕೊಟ್ಟ ಜೆರಾಕ್ಸಿನ ಜೊತೆ ಎಲ್ಲೋ. ಜಾಬ್ ಕಾರ್ಡನ್ನು ಕೂಲಿಕಾರನೇ ಇಟ್ಟುಕೊಳ್ಳಬೇಕೆಂಬುದು ಉದ್ಯೋಗ ಖಾತ್ರಿಯ ನಿಯಮವಾಗಿತ್ತು. ಕೇರಿಯ ಎಷ್ಟು ಜಾಬ್ ಕಾರ್ಡುಗಳು ಕಂತ್ರಾಟುದಾರನ ಬ್ಯಾಗಿನಲ್ಲಿ ಬೆಚ್ಚಗೆ ಮಲಗಿದ್ದವೆಂದು ನಿಮಗೆ ನಾನು ಹೇಳಬೇಕೇ?

ಹೊರದೇಶದಲ್ಲಿ ನೆಲೆಸಿದ ಭಾರತೀಯರು ಪಾಸ್‌ಪೋರ್ಟಿನ ವಿಳಾಸದ ಮೇಲೆ ಊರಿನ ಪಟ್ಟಿಯಲ್ಲಿ ಹೆಸರು ಇಟ್ಟುಕೊಳ್ಳಲಿ ಎಂದು 2010ರಲ್ಲಿ ಪಾರ್ಲಿಮೆಂಟು ಕಾಯ್ದೆ ತಿದ್ದಿತು. ಒಳ್ಳೆಯದು. ಗೋವಾಕ್ಕೆ ಹೋದ ನಮ್ಮ ಚಿಕ್ಕಪ್ಪನಿಗೆ? ಅಲ್ಲಿಂದಲೇ ಓಟು ಹಾಕುವ ಯಂತ್ರವೊಂದನ್ನು 2023ರ ಜನವರಿಯಲ್ಲಿ ಪಕ್ಷಗಳಿಗೆ ತೋರಿಸಲು ಕರೆದರು. 2024ರ ಚುನಾವಣೆ ಬಂತು, ಹೋಯಿತು. ಆ ಯಂತ್ರ ಯಾವ ಗುಳೆಯವನ ಓಟನ್ನೂ ದಾಖಲಿಸಲಿಲ್ಲ.

ಇದರ ಜೊತೆಗೆ ಇನ್ನೊಂದು ಹಳೆಯ ಆಟ. ಚುನಾವಣೆಗೆ ಎರಡು ದಿನ ಮುಂಚೆ "ಪರಿಶೀಲನೆಗೆ ಬೇಕು" ಎಂದು ಕೇರಿಯ ಕಾರ್ಡುಗಳನ್ನು ಗೊಂಚಲು ಮಾಡಿ ಒಯ್ಯುವುದು. ಕೆಲವರು ಐನೂರರ ನೋಟಿನ ಜೊತೆ ಒಯ್ಯುತ್ತಾರೆ, ಕೆಲವರು ಕಣ್ಣು ಕೆಂಪು ಮಾಡಿ ಒಯ್ಯುತ್ತಾರೆ. ಓಟು ತಮಗೆ ಬೀಳುವುದಿಲ್ಲವೆಂದು ಗೊತ್ತಾದರೆ ಆ ಕಾರ್ಡು ಮೂರನೇ ದಿನ ವಾಪಸ್ಸು ಬರುತ್ತದೆ. ಈಗ ಬೂತು ಹಿಡಿಯಬೇಕಾಗಿಲ್ಲ. ಕಾರ್ಡು ಹಿಡಿದರೆ ಸಾಕು. ಇದು ದಾನವಲ್ಲ, ತಮಾಷೆಯಲ್ಲ, ಅಪರಾಧ. ದೌರ್ಜನ್ಯ ತಡೆ ಕಾಯ್ದೆಯ 3(1)(ಎಲ್) ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ: ಪರಿಶಿಷ್ಟರನ್ನು ಓಟು ಹಾಕಬೇಡ ಎಂದು, ಇಂಥವರಿಗೇ ಹಾಕು ಎಂದು ಬಲವಂತ ಮಾಡಿದರೆ, ಬೆದರಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಜೈಲು ಶಿಕ್ಷೆ ಮತ್ತು ದಂಡ. ಬೆದರಿಸಿ ಕಾರ್ಡು ಕಸಿದವನ ಮೇಲೆ ಈ ಕಲಮು ಹಾಕಿಸಿ.

ಕಾರ್ಡು ಇದೆ, ಹೆಸರಿಲ್ಲ

ಇಷ್ಟೆಲ್ಲ ಕಾದಾಡಿ ಕಾರ್ಡು ಉಳಿಸಿಕೊಂಡಿರಿ ಅನ್ನೋಣ. ಅಷ್ಟಕ್ಕೇ ಓಟು ಸಿಗುತ್ತದೆಯೇ? ಇಲ್ಲ. ಪಟ್ಟಿಯಲ್ಲಿ ಹೆಸರಿರಬೇಕು. ಕಾರ್ಡು ಓಟಲ್ಲ, ಹೆಸರೇ ಓಟು. ಇದನ್ನು ಗೋಡೆಯ ಮೇಲೆ ಬರೆದಿಡಿ.

ಬಿಹಾರದಲ್ಲಿ ಏನಾಯಿತೆಂದು ಕೇಳಿ. 2025ರ ಜೂನ್ 24ರಂದು ಅಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ ಆದೇಶ ಬಂತು. ಪಟ್ಟಿಯಲ್ಲಿ ಉಳಿಯಲು 11 ಬಗೆಯ ದಾಖಲೆ ಹೇಳಿದರು. ಆ 11ರಲ್ಲಿ ಆಧಾರ್ ಇರಲಿಲ್ಲ, ರೇಷನ್ ಕಾರ್ಡು ಇರಲಿಲ್ಲ. ಆಯೋಗ ತಾನೇ ಕೊಟ್ಟ ಓಟರ್ ಕಾರ್ಡು ಕೂಡ ಇರಲಿಲ್ಲ! ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗೆ ಬಿದ್ದವು. ಯಾರ ಹೆಸರು, ಯಾವ ಕಾರಣಕ್ಕೆ ಎಂದು ಪ್ರಕಟಿಸಿ ಎಂದು ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಹೇಳಬೇಕಾಯಿತು. ಆಧಾರನ್ನು 12ನೇ ದಾಖಲೆಯಾಗಿ ಒಪ್ಪಿಕೊಳ್ಳಿ ಎಂದು ಸೆಪ್ಟೆಂಬರ್ 8ರಂದು ಹೇಳಬೇಕಾಯಿತು. ತಮಾಷೆ ನೋಡಿ: ಅದೇ ಬಿಹಾರದಲ್ಲಿ ನವೆಂಬರಿನಲ್ಲಿ ಮತದಾನ ನಡೆದಾಗ ಬೂತಿನಲ್ಲಿ ಓಟರ್ ಕಾರ್ಡೂ ನಡೆಯಿತು, ಆಧಾರೂ ನಡೆಯಿತು. ಬೂತಿನ ಬಾಗಿಲಲ್ಲಿ ನಿಜವಾಗುವ ಕಾಗದ ಪಟ್ಟಿಯ ಬಾಗಿಲಲ್ಲಿ ಸುಳ್ಳಾಗುವುದು ಹೇಗೆ? ಈ ಪರಿಷ್ಕರಣೆ ಬಿಹಾರಕ್ಕೇ ನಿಲ್ಲಲಿಲ್ಲ. 2025ರ ಅಕ್ಟೋಬರ್ 27ರಂದು ಇನ್ನೂ 12 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಿಗೆ ಘೋಷಣೆಯಾಯಿತು.

ಬಿಹಾರ ದೂರ ಅನ್ನಬೇಡಿ. ಕಲಬುರಗಿ ಜಿಲ್ಲೆಯ ಆಳಂದ ನಮ್ಮದೇ ರಾಜ್ಯದ್ದು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಓಟರ್ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಾದವು 24. ಉಳಿದ 5,994 ಸುಳ್ಳು. ಅನುಮಾನ ಬಂದು ತಡೆದದ್ದರಿಂದ ಹೆಸರುಗಳು ಉಳಿದವು. ತಡೆಯದಿದ್ದರೆ? ಕಾರ್ಡು ಕೈಯಲ್ಲಿ ಹಿಡಿದ ಸಾವಿರಾರು ಜನ ಬೂತಿನ ಮುಂದೆ ಮೂಕರಾಗಿ ನಿಲ್ಲುತ್ತಿದ್ದರು. ಬೂತಿನ ಬಾಗಿಲಲ್ಲಿ ಅಜ್ಜಿಗೆ ಹತ್ತು ಕಾಗದ ಕೇಳುವ ವ್ಯವಸ್ಥೆ, ಅವಳ ಹೆಸರು ಅಳಿಸಲು ಎಲ್ಲೋ ಕೂತು ಅರ್ಜಿ ಹಾಕುವವನಿಗೆ ಮುಖವನ್ನೇ ಕೇಳಲಿಲ್ಲ.

"ಒಂದು ಕಾರ್ಡ್ ಜೋಪಾನ ಮಾಡೋಕಾಗದವರು ದೇಶ ಏನ್ ಜೋಪಾನ ಮಾಡ್ತಾರೆ?" ಎಂದು ಕಾಲೇಜಿನ ಕ್ಯಾಂಟೀನಿನಲ್ಲಿ ಕೇಳುವ ಗೆಳೆಯರಿದ್ದಾರೆ. ಅವರಿಗೆ ಉತ್ತರ ಕೊಡಿ. ಕಾರ್ಡು ಜೋಪಾನ ಮಾಡಲು ಸೋರದ ಸೂರು ಬೇಕು, ಬೀಗವಿರುವ ಕಪಾಟು ಬೇಕು. ಅದು ಇರುವವನು ತನ್ನ ಕಪಾಟಿನ ಬಗ್ಗೆ ಹೆಮ್ಮೆ ಪಡಲಿ, ಬುದ್ಧಿಯ ಬಗ್ಗೆ ಬೇಡ. ಇಷ್ಟಕ್ಕೂ ಬೂತಿನ ಅಧಿಕಾರಿಯ ಮೇಜಿನ ಮೇಲಿರುವ ಪಟ್ಟಿಯಲ್ಲೇ ನಮ್ಮ ಫೋಟೋ ಅಚ್ಚಾಗಿದೆ. ಮುಖ ಎದುರಿಗಿದೆ, ಫೋಟೋ ಮೇಜಿನ ಮೇಲಿದೆ. ಎರಡನ್ನೂ ಹೋಲಿಸಿ ನೋಡಲು ಕಣ್ಣು ಸಾಲದೇ? ಮೂರನೆಯದೊಂದು ಕಾಗದ ಯಾಕೆ ಬೇಕು?

ಹಾಸ್ಟೆಲಿನವರು ಮಾಡಬೇಕಾದದ್ದು

ಬರೀ ಬೈದರೆ ಆಗದು. ಕೇರಿಯಲ್ಲಿ ಮೊದಲು ಅಕ್ಷರ ಕಂಡವರು ನಾವು. ರಜೆಗೆ ಊರಿಗೆ ಹೋದಾಗ ಈ ಕೆಲಸ ಮಾಡಿ.

1. ಕೇರಿಯ ಓಟರ್ ಪಟ್ಟಿ ತೆಗೆಸಿ ಗಟ್ಟಿಯಾಗಿ ಓದಿ. ಸಮುದಾಯ ಭವನದ ಮುಂದೆ ಎಲ್ಲರನ್ನೂ ಕೂಡಿಸಿ ಓದಿ. ಇಲ್ಲದ ಹೆಸರಿಗೆ ಫಾರಂ 6, ತಪ್ಪಿಗೆ ಮತ್ತು ವಿಳಾಸ ಬದಲಾವಣೆಗೆ ಫಾರಂ 8. ಫಾರಂ 7 ಬಂದರೆ ಎಚ್ಚರ, ಅದು ಹೆಸರು ಅಳಿಸುವ ಅರ್ಜಿ.

2. 18 ತುಂಬಲು ಜನವರಿ ಒಂದರವರೆಗೆ ಕಾಯಬೇಕಾಗಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖುಗಳು ನಾಲ್ಕೂ ಲೆಕ್ಕಕ್ಕೆ ಬರುತ್ತವೆ. 17 ತುಂಬಿದವರು ಮುಂಚೆಯೇ ಅರ್ಜಿ ಕೊಡಬಹುದು. ಹಾಸ್ಟೆಲಿನವರು ಊರಿನ ವಿಳಾಸದಲ್ಲಾದರೂ ಸೇರಬಹುದು, ಹಾಸ್ಟೆಲಿನ ವಿಳಾಸದಲ್ಲಾದರೂ ಸೇರಬಹುದು. ಎರಡೂ ಕಡೆ ಬೇಡ, ಅದು ಅಪರಾಧ.

3. ಫಾರಮ್ಮಿನಲ್ಲಿ ಅಪ್ಪನ ಹೆಸರೇ ಆಗಬೇಕೆಂದು ಯಾರಾದರೂ ಅಂದರೆ ನಂಬಬೇಡಿ. ಅವ್ವನ ಹೆಸರು ಬರೆಯಲು ಅದರಲ್ಲೇ ಜಾಗವಿದೆ. ದೇವದಾಸಿ ತಾಯಂದಿರ ಮಕ್ಕಳು ನಮ್ಮ ಹಾಸ್ಟೆಲುಗಳಲ್ಲಿದ್ದಾರೆ. ತಲೆ ತಗ್ಗಿಸದೆ ಅವ್ವನ ಹೆಸರು ಬರೆಯಿರಿ.

4. ಗುಳೆ ಹೋದವರ ಹೆಸರನ್ನು "ಊರು ಬಿಟ್ಟವರು" ಎಂದು ಹೊಡೆದು ಹಾಕಲು ಬಂದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ತೋರಿಸಿ. ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಒಬ್ಬ ಊರಿನವನಲ್ಲ ಎಂದಾಗುವುದಿಲ್ಲ. ತೆಗೆಯುವ ಮೊದಲು ಅವನ ಮಾತು ಕೇಳಲೇಬೇಕು.

5. ಬೂತಿನಲ್ಲಿ ಹೆಸರಿನ ಅಕ್ಷರ ತಪ್ಪಿದೆ, ವಯಸ್ಸು ತಪ್ಪಿದೆ ಎಂದು ಹಿಂದೆ ಕಳಿಸುವಂತಿಲ್ಲ. ಗುರುತು ಖಾತ್ರಿಯಾದರೆ ಅಂಥ ಸಣ್ಣ ತಪ್ಪು ಬಿಡಬೇಕೆಂದು ನಿಯಮವಿದೆ. ಬೇರೆ ಕ್ಷೇತ್ರದಲ್ಲಿ ಕೊಟ್ಟ ಓಟರ್ ಕಾರ್ಡೂ ನಡೆಯುತ್ತದೆ, ಈ ಬೂತಿನ ಪಟ್ಟಿಯಲ್ಲಿ ಹೆಸರಿದ್ದರೆ. ರೇಷನ್ ಅಂಗಡಿಯ ಹಾಗೆ ಬೆರಳು ಒತ್ತಬೇಕಾಗಿಲ್ಲ. ಗೆರೆ ಸವೆದ ಬೆರಳಿನ ಅವ್ವಂದಿರಿಗೆ ಇದನ್ನು ಮೊದಲು ಹೇಳಿ.

6. "ನಿನ್ನ ಓಟು ಆಗೇತಿ" ಅಂದರೆ ಮನೆಗೆ ಹೋಗಬೇಡಿ. "ನನಗೆ ಟೆಂಡರ್ ಓಟು ಕೊಡ್ರಿ" ಎಂದು ಕೇಳಿ. ಗುರುತು ಖಾತ್ರಿಪಡಿಸಿಕೊಂಡು ಬ್ಯಾಲೆಟ್ ಪೇಪರ್ ಕೊಡಲೇಬೇಕು. ಕಳ್ಳ ಓಟಿನ ಲೆಕ್ಕ ಆಗ ದಾಖಲೆಯಾಗುತ್ತದೆ.

7. ಕಾರ್ಡು ಕಳೆದವರಿಗೆ ನಿಮ್ಮ ಫೋನಿನಿಂದ ಇ-ಎಪಿಕ್ ತೆಗೆದು ಪ್ರಿಂಟ್ ಮಾಡಿಸಿಕೊಡಿ. ಕೂಲಿಯವರಿಗೆ ಓಟಿನ ದಿನ ಸಂಬಳ ಸಹಿತ ರಜೆ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ದಿನಗೂಲಿಯವರಿಗೂ ಇದೆ. ಮೇಸ್ತ್ರಿಗೆ ಫೋನ್ ಮಾಡಿ ಹೇಳಿ.

ನಮ್ಮ ಬೇಡಿಕೆಗಳು

ಮಾನ್ಯತೆ ಪಡೆದ ಶಾಲೆ ಕಾಲೇಜುಗಳ ಫೋಟೋ ಇರುವ ವಿದ್ಯಾರ್ಥಿ ಕಾರ್ಡು ಮತ್ತು ಫೋಟೋ ಇರುವ ಜಾತಿ ಪ್ರಮಾಣಪತ್ರವನ್ನು ಪಟ್ಟಿಗೆ ಮರಳಿ ಸೇರಿಸಬೇಕು.

ಪಟ್ಟಿಯಲ್ಲಿ ಹೆಸರೂ ಫೋಟೋವೂ ಇದ್ದು ಕೈಯಲ್ಲಿ ಕಾಗದವಿಲ್ಲದವರನ್ನು ಬಿಎಲ್‌ಓ ಗುರುತಿಸಿ ಬರೆದುಕೊಟ್ಟರೆ ಓಟು ಕೊಡಬೇಕು. ಆಕ್ಷೇಪವಿದ್ದವನು ಎರಡು ರೂಪಾಯಿ ಇಟ್ಟು ಸಾಬೀತು ಮಾಡಲಿ.

ಹೆಸರು ಅಳಿಸುವ ಅರ್ಜಿ ಬಂದರೆ ಕೇರಿಯಲ್ಲಿ ಡಂಗುರ ಹೊಡೆಸಬೇಕು. ಅರ್ಜಿ ಹಾಕಿದವನು ಮುಖ ತೋರಿಸಬೇಕು.

ಕಾರ್ಡು ಗುಡ್ಡೆ ಹಾಕಿಕೊಂಡವರ ಮೇಲೆ ದೂರು ಕೊಟ್ಟರೆ ಅದೇ ದಿನ ಪ್ರಕರಣ ದಾಖಲಾಗಬೇಕು.

ಗೆಳೆಯರೇ, ಬೆಳಗಾದರೆ ಈ ವ್ಯವಸ್ಥೆ ನಮ್ಮನ್ನು ಲೋಟದಿಂದ ಗುರುತಿಸುತ್ತದೆ, ಬೀದಿಯಿಂದ ಗುರುತಿಸುತ್ತದೆ, ಅಡ್ಡಹೆಸರಿನಿಂದ ಗುರುತಿಸುತ್ತದೆ. ಆ ಗುರುತನ್ನು ನಾವು ಕೇಳಿರಲಿಲ್ಲ. ನಾವು ಕೇಳಿ ಪಡೆದ ಒಂದೇ ಗುರುತು ನಾಗರಿಕ ಎಂಬುದು. ಅದನ್ನು ತೋರಿಸಲು ಮಾತ್ರ ಕಾಗದ ಸಾಲದು ಅನ್ನುವವರಿಗೆ ಸಾಲಿನಲ್ಲಿ ನಿಂತೇ ಉತ್ತರ ಕೊಡೋಣ. ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಅಜ್ಜಿಯ ಕೈ. ಆ ಕಡೆ ನಿಲ್ಲು ಅಂದರೆ ನಿಲ್ಲಬೇಡಿ.

ಪಟ್ಟಿ ಓದಿ! ಹೆಸರು ಕಾಯಿರಿ! ಓಟು ಬಿಡಬೇಡಿ!

ಜೈ ಭೀಮ್.